ಫ್ಲಾಪಿ ಅಳಸೂಕಿಂತ ಮೊದಲ ಒಂದ್ಸಲ ನೋಡ್ರಿ

ಅಕ್ಕಾರ, ತಂಗ್ಯಾರ, ಈ ಸಲ ಅಡಗಿ ವಿಷಯ ಅಲ್ಲ, ಅಟ್ಟದ ಮ್ಯಾಲಿನ ಹಳೇ ಸಾಮಾನಿನ ವಿಷಯ. ನಿಮ್ಮ ಮನ್ಯಾಗೂ ಯಾವುದರ ಬಿಸ್ಕೀಟ್ ಡಬ್ಬ್ಯಾಗ ಹಳೇ ಫ್ಲಾಪಿ ಬಿದ್ದಿರಬಹುದು. ಅವನ್ನ ರದ್ದಿಯವಗ ಹಾಕೂಕಿಂತ ಮೊದಲ ಇದನ್ನ ಓದ್ರಿ.

ನಮ್ಮ ಮೈದುನ 1990ರ ಸುಮಾರಿಗೆ ಧಾರವಾಡದಾಗ ಡಿಟಿಪಿ ಅಂಗಡಿ ಇಟ್ಟಿದ್ದ. ಲಗ್ನಪತ್ರಿಕಿ, ಹ್ಯಾಂಡ್‌ಬಿಲ್, ಸಂಘದ ವರದಿ, ಎಲ್ಲಾ ಮಾಡ್ತಿದ್ದ. ಅಂಗಡಿ ಮುಚ್ಚಿದ ಮ್ಯಾಲೆ ಕಂಪ್ಯೂಟರ್, ಫ್ಲಾಪಿ ಎಲ್ಲಾ ನಮ್ಮ ಅಟ್ಟ ಏರಿದ್ವು. ಈಗ ಅವನ ಮಗಗ ಹಳೇ ಕಂಪ್ಯೂಟರ್ ಎಬ್ಬಿಸಿ ಕುಂದ್ರಸೂ ಹುಚ್ಚು. ಸೂಟಿಗೆ ಬಂದಾವ ಆ 386 ಕಂಪ್ಯೂಟರ್ ಕೆಳಗ ಇಳಿಸಿದ. "ದೊಡ್ಡವ್ವ, ಇದಕ್ಕ ಹತ್ತು ಖಾಲಿ ಫ್ಲಾಪಿ ಬೇಕು. ಸೋನಿಯವರೂ 2011ಕ್ಕ ಮಾರೂದು ಬಿಟ್ಟಾರ, ಹೊಸಾವು ಎಲ್ಲಿ ಸಿಗಬೇಕು? ಇವನ್ನ ಫಾರ್ಮ್ಯಾಟ್ ಮಾಡಿ ತಗೊಳ್ಳಲ್ಯಾ?" ಅಂದ.

ನನ್ನ ಎದಿ ಧಸಕ್ಕಂತು. ಯಾಕಂದ್ರ ಆ 43 ಫ್ಲಾಪಿಯೊಳಗ ಯಾವುದೋ ಒಂದರಾಗ ನಮ್ಮ ಅತ್ತಿಯವರ ಬೀಸೂಕಲ್ಲಿನ ಪದ ಇದ್ವು. 1999ರಾಗ ಅವರು ಒಂದೊಂದ ಹೇಳ್ಕೋತ ಹೋದ್ರು, ಮೈದುನ ಕುಂತು ಟೈಪ್ ಮಾಡಿದ. ಕಾಗದದ ಮ್ಯಾಲೆ ತಗಿದೇ ಇಲ್ಲ. ಅತ್ತಿಯವರು 2003ರಾಗ ತೀರಿಕೊಂಡ್ರು. ಮೈದುನಗ ಫೋನ್ ಹಚ್ಚಿದ್ರ "ಯಾವುದರಾಗ ಹಾಕಿದ್ನೋ ನೆನಪಿಲ್ಲ ವೈನಿ" ಅಂದ. ಚೀಟಿ ನೋಡೋಣು ಅಂದ್ರ ಅರ್ಧಕ್ಕರ್ಧ ಉದುರಿ ಹೋಗಿದ್ವು. ಮನ್ಯಾಗ ಇವರು, "ಇಪ್ಪತ್ತೈದು ವರ್ಷದ ಕಸ, ಅದರಾಗ ಏನು ಉಳದಿರತೈತಿ, ಹುಡುಗಗ ಕೊಟ್ಟು ಕೈ ತೊಳಕೋ" ಅಂದ್ರು. ನಾ ಒಪ್ಪಲಿಲ್ಲ. "ಮೊದಲ ಓದೂದು, ಆಮ್ಯಾಲೆ ಅಳಸೂದು" ಅಂದೆ.

ನಾನು ಪಿಯುಸಿ ಓದಿ ಲಗ್ನ ಆಗಿ ಬಂದಾಕಿ, ಕಂಪ್ಯೂಟರ್ ಕಲತಾಕಿ ಅಲ್ಲ. ಹುಡುಗ ಹೇಳಿದ್ದನ್ನ ನನಗ ತಿಳದಂಗ ಹೇಳ್ತೇನಿ. ಫಾರ್ಮ್ಯಾಟ್ ಅಂದ್ರ ರಂಗೋಲಿಗೆ ಮೊದಲ ಚುಕ್ಕಿ ಇಟ್ಟಂಗ. ಫ್ಲಾಪಿ ಒಳಗಿನ ತೆಳ್ಳನ ಬಿಲ್ಲಿ ಮ್ಯಾಲೆ ಯಂತ್ರ 80 ಸುತ್ತು ಹಾಕತೈತಿ, ಒಂದೊಂದು ಸುತ್ತಿಗೆ 18 ಮನಿ, ಹಂಗ ಎರಡೂ ಮೈಗೆ. ಒಂದು ಮನ್ಯಾಗ 512 ಅಕ್ಷರ ಹಿಡಿತಾವು. ಗುಣಿಸಿದ್ರ 14,74,560. ಅದನ್ನ 1.44 ಎಂಬಿ ಫ್ಲಾಪಿ ಅಂತಾರ. ಪೂರಾ ಹೊಸದಾಗಿ ಚುಕ್ಕಿ ಇಟ್ರ ಹಳೇ ರಂಗೋಲಿ ತಿರುಗಿ ಬರಂಗಿಲ್ಲ.

ಮೊದಲ ಎಲ್ಲಾಕ್ಕೂ ಚಿಲಕ ಹಾಕಿದ್ವಿ. ಸಣ್ಣ ಗಟ್ಟಿ ಫ್ಲಾಪಿ, ಅಂದ್ರ ಮೂರೂವರಿ ಇಂಚಿಂದು, ಅದರ ಮೂಲ್ಯಾಗ ಸರಸೂ ಗುಂಡಿ ಇರತೈತಿ. ಅಲ್ಲಿ ತೂತು ತೆರದು ಕಂಡ್ರ ಅದರ ಮ್ಯಾಲೆ ಯಾರೂ ಬರಿಯಾಕ ಬರಂಗಿಲ್ಲ, ಅಳಸಾಕೂ ಬರಂಗಿಲ್ಲ. ದೊಡ್ಡ ಮೆತ್ತನ್ನ ಐದೂಕಾಲು ಇಂಚಿಂದಕ್ಕ ಉಲ್ಟಾ, ಬಾಜೂದ ಕಚ್ಚಿಗೆ ಚೀಟಿ ಅಂಟಿಸಿ ಮುಚ್ಚಿದ್ರ ಚಿಲಕ ಬಿದ್ದಂಗ.

ಆಮ್ಯಾಲೆ ಜೋಳ ಹಸನ ಮಾಡಿದಂಗ ಬ್ಯಾರೆ ಬ್ಯಾರೆ ಮಾಡಿದ್ವಿ. ದೊಡ್ಡಾವು ಆರು. ನಡುವಿನ ತೂತಿಗೆ ಬಳಿ ಇದ್ರ ಬಹುತೇಕ 360 ಕೆಬಿ, ಇಲ್ಲಂದ್ರ 1.2 ಎಂಬಿ. ಸಣ್ಣಾವು 37. ಅದರಾಗ ಎರಡು ಕಡೆ ತೂತಿದ್ದು ಎಚ್‌ಡಿ, 1.44 ಎಂಬಿ. ಒಂದ ಕಡೆ ತೂತಿದ್ದು ಡಿಡಿ, 720 ಕೆಬಿ. ಬಾಗಲಾ ಸರಿಸಿ ನೋಡಿದ್ರ ನಾಲ್ಕಕ್ಕ ಉಪ್ಪಿನಕಾಯಿ ಭರಣಿ ಬಾಯಿಗೆ ಹಿಡದಂಗ ಬಿಳೇ ಬೂಷ್ಟು. ಅವನ್ನ ಯಂತ್ರದಾಗ ಹಾಕಬಾರದು, ಹಾಕಿದ್ರ ಓದೂ ಮುಳ್ಳಿಗೆ ಬೂಷ್ಟು ಮೆತ್ತಿ ಮುಂದಿನ ಫ್ಲಾಪೀನೂ ಕೆಡತಾವು. ಅವನ್ನ ಬ್ಯಾರೆ ಇಟ್ವಿ.

ದಿನಾ ಮಧ್ಯಾನ ಒಂದೊಂದ ಹಾಕಿ ನೋಡ್ಕೋತ ಹೋದ್ವಿ. ಲಗ್ನಪತ್ರಿಕಿ ಮ್ಯಾಲೆ ಲಗ್ನಪತ್ರಿಕಿ! ಆಗ ಲಗ್ನ ಆದವರ ಮಕ್ಕಳ ಲಗ್ನಾನೂ ಈಗ ಆಗ್ಯಾವು. ಮೂರನೇ ದಿನ ಚೀಟಿ ಇಲ್ಲದ್ದೊಂದು ಬಂತು. ಹುಡುಗ ನೋಡಿ, "ಇದು ಡಿಡಿ, ದೊಡ್ಡವ್ವ. ಯಾರೋ ಎರಡನೇ ತೂತು ತಾವ ಕೊರದಾರ. ಟೇಪ್ ಹಚ್ಚಿ ಮುಚ್ಚಬೇಕು" ಅಂದು ಮುಚ್ಚಿ ಹಾಕಿದ. ಕಂಪ್ಯೂಟರ್, "ಇದು ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡ್ಲ್ಯಾ?" ಅಂತ ಕೇಳ್ತು. ಹುಡುಗ, "ಖಾಲಿ ಐತಿ, ಇದನ್ನ ತಗೊಂಡುಬಿಡ್ತೇನಿ" ಅಂದ.

ನಾ ಕೈ ಹಿಡದೆ. ಆ ತೂತಿನ ಅಂಚು ಕರಗಿ ಒಡ್ಡೊಡ್ಡ ಆಗಿತ್ತು. ಅಗ್ಗದ ಫ್ಲಾಪಿಗೆ ಕಾದ ಸಾಲ್ಡರ್ ಕಡ್ಡೀಲೆ ತೂತು ಹಾಕಿ ಮೈದುನ ದೊಡ್ಡದು ಮಾಡ್ಕೋತಿದ್ದ. ಅಡಗಿಮನಿ ತನಕಾ ಪ್ಲಾಸ್ಟಿಕ್ ಸುಟ್ಟ ವಾಸನಿ ಬರ್ತಿತ್ತು, ಅತ್ತಿಯವರು ಬೈತಿದ್ರು. "ನಿಮ್ಮಪ್ಪ ತೂತು ಹಾಕಿದ್ದ ಅದರಾಗ ದುಪ್ಪಟ್ಟು ತುಂಬಾಕ. ಹಂಗ ತುಂಬಿದ್ದನ್ನ ತೂತು ಮುಚ್ಚಿದ್ರ ಹೆಂಗ ಓದಬೇಕು? ಟೇಪ್ ತಗಿ" ಅಂದೆ. ತಗದು ಹಾಕಿದ. ಕರಕರ ಸಪ್ಪಳ ಮಾಡಿ ಹೆಸರು ಬಂದ್ವು. ಅವ್ವನ ಪದ, ಒಂದು. ಅವ್ವನ ಪದ, ಎರಡು. ಹಂಗ ಹದಿನಾಲ್ಕು.

ಹುಡುಗ ಶಾಣ್ಯಾ, ಮೊದಲ ಇಡೀ ಫ್ಲಾಪಿ ಹೆಂಗಿತ್ತೋ ಹಂಗ ಲ್ಯಾಪ್‌ಟಾಪಿಗೆ ನಕಲು ತಗದ. ತೆರದ್ರ ಅಕ್ಷರ ಎಲ್ಲಾ ಇಂಗ್ಲಿಷ್ ಗೀಚಿದಂಗ. ಮೈದುನ ಬಳಸಿದ್ದು "ಬರಹ", ಅದು 1998ರಾಗ ಬಂದಿದ್ದು. ಅದನ್ನ ಹಾಕಿದ ಮ್ಯಾಲೆ ಕನ್ನಡ ಮೂಡಿತು. ಪದದ ಕೆಳಗ ಅತ್ತಿಯವರು ಹೇಳಿದ ಮಾತೂ ಅವ ಬರದಿಟ್ಟಿದ್ದ: ಇದು ನಮ್ಮವ್ವ ಹೇಳತಿದ್ಲು, ಇದಕ್ಕ ಎರಡು ಕೈ ಬೇಕು, ಒಬ್ಬಾಕಿ ಬೀಸಿದ್ರ ದನಿ ಮುರಿತೈತಿ. ಅದನ್ನ ಓದಿ ನಾ ಹೊರಗ ಬಂದು ಕಟ್ಟಿ ಮ್ಯಾಲೆ ಸ್ವಲ್ಪ ಹೊತ್ತು ಕುಂತೆ.

ಹನ್ನೊಂದು ಪದ ಪೂರಾ ಸಿಕ್ಕಾವು. ಮೂರು ಅರ್ಧಕ್ಕ ನಿಂತಾವು, ಫ್ಲಾಪಿ ಅಲ್ಲಿ ಕೆಟ್ಟೈತಿ, ಎಷ್ಟ ಸಲ ಹಾಕಿದ್ರೂ ಓದಲಿಲ್ಲ. ಸಿಕ್ಕದ್ದನ್ನ ಮೂರು ಪ್ರತಿ ಕಾಗದದ ಮ್ಯಾಲೆ ತಗಸೇನಿ.

ಹುಡುಗಗೂ ಹತ್ತು ಫ್ಲಾಪಿ ಸಿಕ್ವು. ಲಗ್ನಪತ್ರಿಕೀವು, ನಕಲು ಇಟ್ಕೊಂಡು ಚಿಲಕ ತಗದು ಕೊಟ್ಟೆ. ಡಾಸ್‌ನಾಗ 1.44ಕ್ಕ ಸುಮ್ನ "ಫಾರ್ಮ್ಯಾಟ್ ಎ" ಅಂದ್ರ ಸಾಕು, ಡಿಡಿ ಇದ್ರ ಮುಂದ 720 ಅಂತ ಹೇಳಬೇಕು. ಕಡೀಕ ಕೆಟ್ಟ ಮನಿ ಎಷ್ಟು ಅಂತ ಲೆಕ್ಕ ತೋರಸತೈತಿ. ಕೆಟ್ಟದ್ದು ಕಂಡದ್ದನ್ನ ಬಿಟ್ಟ. ಪದದ ಫ್ಲಾಪಿ ಮಾತ್ರ ಚಿಲಕ ಹಾಕಿ ಟ್ರಂಕಿನ್ಯಾಗ ಇಟ್ಟೇನಿ. ಕಾಂತ, ಸ್ಪೀಕರ್ ಹತ್ರ ಇಡಬ್ಯಾಡ್ರಿ, ಥಂಡಿ ಗ್ವಾಡಿಗೆ ಹಚ್ಚಿ ಇಡಬ್ಯಾಡ್ರಿ.

ಅರ್ಧ ನಿಂತ ಮೂರು ಪದದಾಗ ಒಂದು ತವರಿನ ಅಣ್ಣನ ಮ್ಯಾಲಿಂದು, ಒಂದು ಜೋಳದ ರಾಶಿಯ ದಿನದ್ದು, ಒಂದು ಮಳಿ ಕರಿಯೂದು. ನಮ್ಮ ಓಣ್ಯಾಗ ಅತ್ತಿಯವರ ಎದರಿಗೆ ಕುಂತು ಕಲ್ಲಿಗೆ ಕೈ ಹಚ್ಚಿದವರು ಇನ್ನೂ ನಾಲ್ಕೈದು ಮಂದಿ ಇದ್ದೀರಿ. ಒಂದ ಸಾಲು ನೆನಪಿದ್ರೂ ಸಾಕು, ಫೋನ್ ಹಚ್ರಿ, ಇಲ್ಲಾ ಮಧ್ಯಾನ ಚಾಕ್ಕ ಬರ್ರಿ. ನೀವು ಹೇಳ್ರಿ, ನಾ ಬರಕೋತೇನಿ.