ಕಣ್ಣೊಳಗಿನ ದಾರ

ಫೆಬ್ರುವರಿ ಹದಿನೈದರ ಸುಮಾರಿಗೆ ಸೂರಗೊಂಡನಕೊಪ್ಪಕ್ಕೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಕನ್ನಡಿ ಚೂರುಗಳು. ಸಂತ ಸೇವಾಲಾಲರ ಜಯಂತಿಗೆಂದು ಎಲ್ಲೆಲ್ಲಿಂದಲೋ ಬರುವ ಲಂಬಾಣಿ ಹೆಂಗಸರ ಲಂಗ, ಕುಪ್ಪಸ, ಮುಸುಕುಗಳ ತುಂಬ ಹೊಲಿದ ಕನ್ನಡಿಗಳು ಬಿಸಿಲಿಗೆ ಒಟ್ಟಿಗೇ ಮಿಂಚುತ್ತವೆ. ಊರು ಮೊದಲು ಹೊನ್ನಾಳಿ ತಾಲ್ಲೂಕಿನಲ್ಲಿತ್ತು, ಈಗ ನ್ಯಾಮತಿಗೆ ಸೇರಿದೆ. ಈ ಸೀಮೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ನಾನು, ನಿವೃತ್ತನಾದ ಮೇಲೂ ಜಾತ್ರೆ ತಪ್ಪಿಸಿದವನಲ್ಲ.

ಮೂರು ವರ್ಷದ ಹಿಂದಿನ ಜಾತ್ರೆಯಲ್ಲಿ ಮಧ್ಯಾಹ್ನದಿಂದಲೇ ಬಲಗಣ್ಣಿನ ಅಂಚಿನಲ್ಲಿ ಏನೋ ಫಳ್ಳೆನ್ನುತ್ತಿತ್ತು. ಕನ್ನಡಿಗಳಿರಬೇಕು ಎಂದುಕೊಂಡೆ. ರಾತ್ರಿ ಸ್ನೇಹಿತರ ಮನೆಯಲ್ಲಿ ದೀಪ ಆರಿಸಿ ಮಲಗಿ, ಕಣ್ಣು ಹೊರಳಿಸಿದರೆ ಮತ್ತೆ ಫಳ್! ಕಣ್ಣು ಮುಚ್ಚಿದರೂ ಅದೇ ಕಮಾನಿನಂಥ ಬೆಳಕು. ನೋವು ಮಾತ್ರ ಎಳ್ಳಷ್ಟೂ ಇಲ್ಲ. ಆಗ ನೆನಪಾಯಿತು, ಬಹಳ ಹಿಂದೆ ಒಬ್ಬ ಹುಡುಗ ಹೇಳಿದ ಮಾತು.

ತಾಂಡಾದಿಂದ ಬರುತ್ತಿದ್ದ ಹುಡುಗ, ಒಂಬತ್ತನೆಯ ತರಗತಿ. ಸೀಸೆಯ ತಳದಂಥ ಕನ್ನಡಕ, ಮುಂದಿನ ಬೆಂಚು. ಒಂದು ದಿನ ಕಬಡ್ಡಿ ಆಡಿ ಬಂದವನು, ‘ಸಾರ್, ಓಡೋವಾಗ ಕಣ್ಣಿನ ಮೂಲ್ಯಾಗೆ ಮಿಂಚು ಹೊಡ್ದಂಗಾಗ್ತದೆ. ಕಪ್ಪು ಚುಕ್ಕೆನೂ ತೇಲ್ತವೆ’ ಎಂದ. ನಾನು ವಿಜ್ಞಾನದ ಮೇಷ್ಟ್ರು. ‘ನಿದ್ದೆಗೆಡಬೇಡ, ನುಗ್ಗೆ ಸೊಪ್ಪು ತಿನ್ನು’ ಎಂದೆ. ಅವನೂ ನಂಬಿದ. ಬೇಸಿಗೆ ರಜೆ ಮುಗಿಸಿ ಬಂದಾಗ ಕತ್ತು ಓರೆ ಮಾಡಿ ಕರಿಹಲಗೆ ನೋಡುತ್ತಿದ್ದ. ಕಣ್ಣಿನ ಮೇಲೆ ಒಂದು ಪರದೆ ಇಳಿದಿದೆ, ಎರಡು ತಿಂಗಳಾಯಿತು ಎಂದ. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯೇನೋ ಆಯಿತು. ಆ ಕಣ್ಣಿನಲ್ಲಿ ಅಕ್ಷರ ಮತ್ತೆ ಮೂಡಲಿಲ್ಲ.

ಅವನನ್ನು ನೋಡಲು ತಾಂಡಾಕ್ಕೆ ಹೋದಾಗ ಅವನ ತಾಯಿ ಮಗಳಿಗೆ ಕಸೂತಿ ಕಲಿಸುತ್ತಿದ್ದಳು. ‘ದಾರ ಜಗ್ಗಬ್ಯಾಡ, ಬಟ್ಟೆ ಮುದುರ್ತದೆ’ ಎಂದು ಗದರಿದ್ದು ಇನ್ನೂ ಕಿವಿಯಲ್ಲಿದೆ. ಅವಳ ಮಗನ ಕಣ್ಣಿನಲ್ಲಿ ಆದದ್ದೂ ಇದೇ ಎಂಬುದು ನನಗೆ ಆಗ ತಿಳಿದಿರಲಿಲ್ಲ.

ಕಣ್ಣುಗುಡ್ಡೆಯ ಒಳಗೋಡೆಗೆ ಅಂಟಿಕೊಂಡ ತೆಳುವಾದ ಪೊರೆಯೇ ರೆಟಿನಾ. ದಪ್ಪ ಕಾಲು ಮಿಲಿಮೀಟರಿನಷ್ಟು. ಗುಡ್ಡೆಯ ಹೊಟ್ಟೆಯನ್ನು ತುಂಬಿರುವುದು ಲೋಳೆಸರದ ತಿರುಳಿನಂಥ ಪಾರದರ್ಶಕ ವಸ್ತು, ವಿಟ್ರಿಯಸ್. ಸುಮಾರು ನಾಲ್ಕು ಮಿಲಿಲೀಟರು, ಬಹುಪಾಲು ನೀರೇ. ಆ ನೀರನ್ನು ಹಿಡಿದಿಟ್ಟ ಸೂಕ್ಷ್ಮ ನಾರಿನ ಎಳೆಗಳು ಅಲ್ಲಲ್ಲಿ ರೆಟಿನಾಕ್ಕೆ ಅಂಟಿರುತ್ತವೆ. ವಯಸ್ಸಾದಂತೆ ಲೋಳೆ ನೀರಾಗಿ, ಕುಗ್ಗಿ, ಹಿಂದಿನ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಐವತ್ತು ದಾಟಿದ ಬಹಳ ಮಂದಿಗೆ ಇದು ತಾನಾಗಿ ಆಗಿ ಮುಗಿಯುತ್ತದೆ, ತೊಂದರೆಯಿಲ್ಲ. ಆದರೆ ಎಲ್ಲೋ ಒಂದು ಕಡೆ ಅಂಟು ಬಿಗಿಯಾಗಿದ್ದರೆ? ಕಣ್ಣು ಹೊರಳಿದಾಗಲೆಲ್ಲ ಲೋಳೆ ತುಯ್ದಾಡಿ ಅಲ್ಲಿ ಜಗ್ಗುತ್ತದೆ. ರೆಟಿನಾಕ್ಕೆ ನೋವು ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಬೆಳಕೊಂದೇ. ಜಗ್ಗಿದರೂ ಅದು ಮಿದುಳಿಗೆ ‘ಬೆಳಕು’ ಎಂದೇ ಸುದ್ದಿ ಕಳಿಸುತ್ತದೆ. ಜಗ್ಗಾಟ ಹೆಚ್ಚಾದರೆ ಕುದುರೆ ಲಾಳದ ಆಕಾರದಲ್ಲಿ ಹರಿಯುತ್ತದೆ. ಹರಿದ ಕಡೆಯಿಂದ ನೀರು ಹಿಂದಕ್ಕೆ ನುಗ್ಗಿ, ಒದ್ದೆ ಗೋಡೆಯ ಕಾಗದ ಕಳಚಿದಂತೆ ರೆಟಿನಾ ಕಳಚುತ್ತದೆ. ಹುಡುಗ ಹೇಳಿದ ಪರದೆ ಅದೇ.

ಹದಿನಾಲ್ಕು ವರ್ಷದವನಿಗೆ ಹೇಗೆ ಬಂತು ಎನ್ನುತ್ತೀರೋ? ಉತ್ತರ ಅವನ ಕನ್ನಡಕದಲ್ಲೇ ಇತ್ತು. ದೊಡ್ಡವರ ಕಣ್ಣುಗುಡ್ಡೆಯ ಉದ್ದ ಸುಮಾರು 24 ಮಿಲಿಮೀಟರು. ಅದು ಒಂದು ಮಿಲಿಮೀಟರು ಹೆಚ್ಚು ಬೆಳೆದರೆ ಮೈನಸ್ ನಂಬರು ಹೆಚ್ಚುಕಡಿಮೆ ಮೂರರಷ್ಟು ಏರುತ್ತದೆ. ಗುಡ್ಡೆ ಉದ್ದವಾದಂತೆ ರೆಟಿನಾ ಹಿಗ್ಗಿ ತೆಳುವಾಗುತ್ತದೆ, ಲೋಳೆ ಬೇಗ ನೀರಾಗುತ್ತದೆ. ಕನ್ನಡಕ ನೋಟವನ್ನು ಸರಿಮಾಡೀತು, ಗುಡ್ಡೆಯ ಉದ್ದವನ್ನಲ್ಲ. ನಂಬರು ಬರೆಸಿಕೊಂಡು ಬಂದರೆ ಕಣ್ಣಿನ ಪರೀಕ್ಷೆ ಮುಗಿಯಿತೆಂದು ಎಷ್ಟೋ ತಂದೆತಾಯಿಗಳು ತಿಳಿದಿದ್ದಾರೆ. ಔಷಧ ಹಾಕಿ ಪಾಪೆ ಹಿಗ್ಗಿಸಿ ರೆಟಿನಾದ ಅಂಚನ್ನು ನೋಡುವ ಪರೀಕ್ಷೆಯೇ ಬೇರೆ. ದಪ್ಪ ಕನ್ನಡಕದ ಮಕ್ಕಳಿಗೆ ಅದು ಬೇಕು. ನಾನು ಅದನ್ನೂ ಹೇಳಿರಲಿಲ್ಲ.

ಇನ್ನೂ ಚಿಕ್ಕವರಿಗೂ ಈ ಎಳೆತ ಬಿಟ್ಟದ್ದಲ್ಲ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳ ರೆಟಿನಾದಲ್ಲಿ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಕೆಲವರಲ್ಲಿ ಅವು ಅಡ್ಡಾದಿಡ್ಡಿ ಬೆಳೆದು, ಗಾಯದ ಕಲೆಯಂತೆ ಕುಗ್ಗುವ ಪೊರೆ ಕಟ್ಟಿ, ರೆಟಿನಾವನ್ನೇ ಎಳೆದು ಕೀಳುತ್ತವೆ. ಎರಡು ಕಿಲೋಗಿಂತ ಕಡಿಮೆ ತೂಕದ ಕೂಸಿಗೆ ಮೂವತ್ತು ದಿನದೊಳಗೆ ಈ ಪರೀಕ್ಷೆ ಆಗಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಶುರುಮಾಡಿದ ‘ಕಿಡ್ರಾಪ್’ ಯೋಜನೆಯಲ್ಲಿ ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗಳಿಗೇ ಹೋಗುತ್ತಾರೆ. ಅವರು ತೆಗೆದ ಚಿತ್ರಗಳನ್ನು ವೈದ್ಯರು ದೂರದಲ್ಲಿ ಕುಳಿತೇ ನೋಡುತ್ತಾರೆ.

ಚಿಕಿತ್ಸೆಯೇ ಇರಲಿಲ್ಲವೆಂದು ಸಮಾಧಾನ ಹೇಳಿಕೊಳ್ಳಲೂ ನನಗೆ ದಾರಿಯಿಲ್ಲ. ಸ್ವಿಟ್ಜರ್ಲೆಂಡಿನ ಜೂಲ್ಸ್ ಗೊನಿನ್ ಎಂಬ ವೈದ್ಯರು ರೆಟಿನಾ ಕಳಚಲು ಹರಿದ ತೂತೇ ಕಾರಣ, ಅದನ್ನು ಮುಚ್ಚಿದರೆ ದೃಷ್ಟಿ ಉಳಿಯುತ್ತದೆ ಎಂದು 1920ರ ದಶಕದಲ್ಲೇ ತೋರಿಸಿದ್ದರು. ಜಗ್ಗುವ ಲೋಳೆಯನ್ನೇ ಸಣ್ಣ ಉಪಕರಣದಿಂದ ಕತ್ತರಿಸಿ ತೆಗೆಯುವ ವಿಧಾನವನ್ನು ಅಮೆರಿಕದಲ್ಲಿ ರಾಬರ್ಟ್ ಮ್ಯಾಕೆಮರ್ 1970ರ ಹೊತ್ತಿಗೆ ಕಂಡುಹಿಡಿದಿದ್ದರು. ಆ ಹುಡುಗ ನನ್ನ ಮುಂದೆ ನಿಂತಿದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ.

ಜಾತ್ರೆಯ ಮರುದಿನ ಬೆಳಗಿನ ಬಸ್ಸಿಗೇ ಶಿವಮೊಗ್ಗಕ್ಕೆ ಹೋದೆ. ಅಷ್ಟರಲ್ಲಿ ಒಲೆಯ ಮಸಿ ಉದುರಿದಂತೆ ಕಣ್ಣ ಮುಂದೆ ಕಪ್ಪು ಚುಕ್ಕೆಗಳು. ವೈದ್ಯೆ ತಲೆಗೆ ದೀಪ ಕಟ್ಟಿಕೊಂಡು, ‘ಮೇಲೆ ನೋಡಿ, ಎಡಕ್ಕೆ ನೋಡಿ’ ಎಂದು ಬಹಳ ಹೊತ್ತು ಹುಡುಕಿದರು. ‘ಮೇಲ್ಗಡೆ ಸಣ್ಣದಾಗಿ ಹರಿದಿದೆ. ಇನ್ನೂ ಕಳಚಿಲ್ಲ. ಒಳ್ಳೆ ಟೈಮಿಗೆ ಬಂದಿರಿ ಮೇಷ್ಟ್ರೇ.’ ಹರಿದ ಅಂಚಿನ ಸುತ್ತ ಲೇಸರ್ ಚುಕ್ಕೆಗಳನ್ನಿಟ್ಟರು, ಕನ್ನಡಿ ಚೂರಿನ ಸುತ್ತ ಹೊಲಿಗೆ ಹಾಕಿದ ಹಾಗೆ. ಅರ್ಧ ಗಂಟೆಯೂ ಹಿಡಿಯಲಿಲ್ಲ. ಇಂಥ ಮಿಂಚು ಕಂಡವರಲ್ಲಿ ಹೆಚ್ಚಿನವರಿಗೆ ಹರಿದಿರುವುದಿಲ್ಲವಂತೆ. ಆದರೆ ಯಾರಿಗೆ ಹರಿದಿದೆ, ಯಾರಿಗೆ ಇಲ್ಲ ಎಂಬುದು ಒಳಗೆ ನೋಡದೆ ಯಾರಿಗೂ ಗೊತ್ತಾಗುವುದಿಲ್ಲ.

ಸಂಜೆ ಆ ಹುಡುಗನಿಗೆ ಫೋನು ಮಾಡಿದೆ. ಹುಡುಗನೆಂದರೆ ಈಗ ನಲವತ್ತರ ಗೃಹಸ್ಥ, ಅಡಿಕೆ ತೋಟವಿದೆ, ಎದೆಯೆತ್ತರ ಬೆಳೆದ ಮಗಳಿದ್ದಾಳೆ. ಆದದ್ದನ್ನೆಲ್ಲ ಹೇಳಿ, ‘ನಿನ್ನ ಇನ್ನೊಂದು ಕಣ್ಣು?’ ಎಂದು ಕೇಳಿದೆ.

‘ವರ್ಷ ವರ್ಷ ತೋರಿಸ್ತೀನಿ ಸಾರ್. ಮಗಳಿಗೂ ನಂಬರು ಆರಾಗಿದೆ, ಅವಳನ್ನೂ ಕರ್ಕೊಂಡು ಹೋಗ್ತೀನಿ’ ಎಂದ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವನೇ ನಗುತ್ತ ಕೇಳಿದ: ‘ನುಗ್ಗೆ ಸೊಪ್ಪು ತಿಂದ್ರಾ ಸಾರ್?’