ಬಂಡೆಯ ದ್ವೀಪಕ್ಕೆ ಹೊರಡುವ ಮುನ್ನ

ದೂರದ ದ್ವೀಪಗಳೆಂದರೆ ಛಾಯಾಚಿತ್ರ ತೆಗೆಯುವ ಹವ್ಯಾಸಿಗಳಿಗೆ ಒಂದು ಬಗೆಯ ಮೋಹ. ಸ್ಕಾಟ್ಲೆಂಡಿನ ಪಡುವಣ ತೀರದಾಚೆ ಸ್ಕೈ ಎಂಬ ದ್ವೀಪವಿದೆ. ಒರಟಾದ ಬೆಟ್ಟಗಳು, ಕಡಲಿಗೆ ನೇರವಾಗಿ ಇಳಿಯುವ ಬಂಡೆಗೋಡೆಗಳು, ಗಳಿಗೆಗೊಮ್ಮೆ ಬಂದು ಹೋಗುವ ಮಂಜು, ಇವನ್ನು ಸೆರೆಹಿಡಿಯಲು ನಾನಾ ದೇಶಗಳ ಜನ ಅಲ್ಲಿಗೆ ಹೋಗುತ್ತಾರೆ. ಅಲ್ಲಿಯ ಒಂದು ಬಂಡೆಗೋಡೆಗೆ ಕಿಲ್ಟ್ ರಾಕ್ ಎಂದು ಹೆಸರು. ಆ ನಾಡಿನ ಗಂಡಸರು ಉಡುವ ನೆರಿಗೆಯ ಉಡುಪಿನಂತೆ ಅದರ ಕಲ್ಲುಕಂಬಗಳು ಸಾಲಾಗಿ ನಿಂತಿವೆ. ವಿಶಾಖಪಟ್ಟಣದ ಬಳಿಯ ಪರವಾಡದಲ್ಲಿ ನೆಲೆಸಿರುವ ನಾವು ಐವರು ಕನ್ನಡಿಗರೂ ಈ ಮೋಹಕ್ಕೆ ಹೊರತಾದವರಲ್ಲ. ಎಷ್ಟೋ ಸಂಜೆ ಭೂಪಟವನ್ನು ಹರಡಿಕೊಂಡು ಸ್ಕೈ ದ್ವೀಪದಲ್ಲಿ ಮನಸಾರೆ ಅಲೆದಿದ್ದೇವೆ. ಖರ್ಚಿನ ಲೆಕ್ಕಕ್ಕೆ ಕುಳಿತಾಗ ಮಾತ್ರ ಭೂಪಟವನ್ನು ಮೆಲ್ಲನೆ ಮಡಿಸಿಡಬೇಕಾಯಿತು.

ಆಗ ನಮ್ಮೊಳಗಿನ ಉಡುಪಿಯ ಕಡೆಯ ಗೆಳೆಯರೊಬ್ಬರು, "ಕಲ್ಲುಕಂಬಕ್ಕೆ ಅಷ್ಟು ದೂರ ಯಾಕೆ ಮಾರಾಯ್ರೆ? ನಮ್ಮ ಮಲ್ಪೆಯ ಕಡಲಲ್ಲೇ ಉಂಟಲ್ಲ!" ಎಂದರು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮ್ಮೆಲ್ಲರ ಮುಖವನ್ನೂ ಒಮ್ಮೆ ನೋಡಿ ನಕ್ಕಂತಾಯಿತು. ಹೀಗೆ ನಮ್ಮ ಯೋಜನೆ ಸೇಂಟ್ ಮೇರೀಸ್ ದ್ವೀಪಗಳತ್ತ ತಿರುಗಿತು.

ಮಲ್ಪೆಯ ಬಂದರಿನಿಂದ ಕೆಲವೇ ಕಿಲೋಮೀಟರು ದೂರದಲ್ಲಿರುವ ಈ ಸಮೂಹದಲ್ಲಿ ನಾಲ್ಕು ದ್ವೀಪಗಳು ಮುಖ್ಯವಾದವು: ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾಬಹಾದೂರಗಡ, ದಕ್ಷಿಣ ದ್ವೀಪ. ತೋನ್ಸೆಪಾರ್ ಎಂಬ ಹೆಸರೂ ಇವಕ್ಕುಂಟು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿ ಮಾತೆಯ ಹೆಸರಿಟ್ಟನೆಂದು ಐತಿಹ್ಯ ಹೇಳುತ್ತದೆ. ಆದರೆ ಬಂಡೆಗಳು ಹೇಳುವ ಕಥೆಯ ಮುಂದೆ ಈ ಐತಿಹ್ಯ ನಿನ್ನೆ ಮೊನ್ನೆಯದು. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಇಲ್ಲಿ ಶಿಲಾರಸ ಉಕ್ಕಿ ಹರಿಯಿತು. ಅದು ಆರುತ್ತ ಆರುತ್ತ ಕುಗ್ಗಿತು; ಕುಗ್ಗುತ್ತ ಸೀಳಿತು. ಬೇಸಗೆಯಲ್ಲಿ ಒಣಗಿದ ಕೆರೆಯ ಕೆಸರು ಬಿರುಕು ಬಿಟ್ಟು ಹೋಳುಹೋಳಾಗುವುದನ್ನು ಎಲ್ಲರೂ ಕಂಡಿದ್ದೇವೆ. ಅದೇ ಬಗೆಯ ಬಿರುಕು ಶಿಲೆಯ ಆಳಕ್ಕೂ ಇಳಿದಾಗ ಐದು ಮುಖದ, ಆರು ಮುಖದ ಕಂಬಗಳಾಗುತ್ತವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಬೆಂಗಳೂರಿನ ಲಾಲ್‌ಬಾಗಿನ ಬಂಡೆಯನ್ನು ಎಣಿಸಿರುವಂತೆ ಇವನ್ನೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಎಣಿಸಿದೆ. ಸ್ಕೈ ದ್ವೀಪದ ಕಂಬಗಳೂ ಇಂಥದೇ ಅಗಲಿಕೆಯ ಮಕ್ಕಳು. ಸುಮಾರು 6 ಕೋಟಿ ವರ್ಷಗಳ ಹಿಂದೆ ಯುರೋಪು, ಗ್ರೀನ್‌ಲೆಂಡುಗಳ ನಡುವೆ ಅಟ್ಲಾಂಟಿಕ್ ಸಾಗರ ಬಾಯಿ ತೆರೆಯುತ್ತಿದ್ದಾಗ ಅವು ಹುಟ್ಟಿದವು. ನಾವು ವಾಸಿಸುವ ವಿಶಾಖಪಟ್ಟಣದ ತೀರವಾದರೂ ಏನು? ಬಹು ಹಿಂದೆ ಅಂಟಾರ್ಕ್ಟಿಕಕ್ಕೆ ಅಂಟಿಕೊಂಡಿದ್ದು ಬಿಟ್ಟುಬಂದ ತೀರವೇ. ಆದುದರಿಂದ ನಮ್ಮದು ಒಂದು ಬೀಳ್ಕೊಡುಗೆಯ ದಡದಿಂದ ಇನ್ನೊಂದು ಬೀಳ್ಕೊಡುಗೆಯ ದಡಕ್ಕೆ ಪ್ರಯಾಣ.

ದಾರಿಯ ವಿಚಾರದಲ್ಲಿ ಹೆಚ್ಚು ಚರ್ಚೆ ಆಗಲಿಲ್ಲ. ವಿಜಯವಾಡದ ಮೇಲಿಂದ ಬೆಂಗಳೂರು. ಅಲ್ಲಿಂದ ಸಕಲೇಶಪುರ, ಸುಬ್ರಹ್ಮಣ್ಯಗಳ ನಡುವಣ ಘಟ್ಟವನ್ನು 57 ಸುರಂಗಗಳ ಮೂಲಕ ರೈಲಿನಲ್ಲಿಯೇ ಇಳಿದು ಕರಾವಳಿ ಸೇರುವುದು. ಚರ್ಚೆ ಬಿಸಿಯೇರಿದ್ದು ಯಾವ ತಿಂಗಳಲ್ಲಿ ಹೋಗಬೇಕೆಂಬುದರಲ್ಲಿ. ಮಳೆಗಾಲದಲ್ಲಿ ಕಡಲು ಕೆರಳಿರುವುದರಿಂದ ದ್ವೀಪಕ್ಕೆ ದೋಣಿಗಳು ಹೋಗುವುದಿಲ್ಲ. ಉಳಿದ ತಿಂಗಳುಗಳಲ್ಲಿ ಶಾಲೆಯ ರಜೆ ನೋಡಿದರೆ ಏಪ್ರಿಲ್ ಅನುಕೂಲ. ಬೆಳಕನ್ನು ನೋಡಿದರೆ ಹಾಗಲ್ಲ.

ವಿದ್ಯಾರ್ಥಿಮಿತ್ರರು ಇಲ್ಲಿ ತಮ್ಮ ಭೂಗೋಳದ ಪಾಠವನ್ನು ನೆನೆಯಬಹುದು. ಮಲ್ಪೆ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ ಅಲ್ಲಿ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆಗ ಕಂಬಕ್ಕೆ ನೆರಳೇ ಇಲ್ಲ. ನೆರಳಿಲ್ಲದ ಕಂಬ ಚಿತ್ರದಲ್ಲಿ ಬರಿಯ ಗೀಟು. ಡಿಸೆಂಬರಿನ ಕೊನೆಗೆ ಅದೇ ನಡುಹಗಲಲ್ಲಿ ಸೂರ್ಯ ದಿಗಂತದಿಂದ 53 ಡಿಗ್ರಿಯಷ್ಟೇ ಏರುತ್ತಾನೆ. ನೆರಳು ಕಂಬದ ಎತ್ತರದ ಮುಕ್ಕಾಲರಷ್ಟು ಚಾಚುತ್ತದೆ. ಸಂಜೆ ನಾಲ್ಕೂವರೆಗೆ ಅದು ಎರಡೂವರೆ ಪಟ್ಟು ಮೀರುತ್ತದೆ. ಸ್ಕೈ ದ್ವೀಪದವರು ಈ ವಿಷಯದಲ್ಲಿ ಪುಣ್ಯವಂತರು. ಡಿಸೆಂಬರಿನ ಕೊನೆಗೆ ಅಲ್ಲಿಯ ಸೂರ್ಯ ನಡುಹಗಲಲ್ಲೂ ಸುಮಾರು 9 ಡಿಗ್ರಿಯಷ್ಟೇ ಏರುತ್ತಾನೆ. ಬೆಳಕಿರುವ ಆ ಕೆಲವೇ ಗಂಟೆಗಳೂ ಅವರಿಗೆ ಓರೆ ಬಿಸಿಲೇ. ನಮಗೆ ಅದು ಸಂಜೆಯ ಕೊಡುಗೆ. ಹೀಗೆ ಡಿಸೆಂಬರ್ ಗೆದ್ದಿತು.

ಮೂಡಣ ಕರಾವಳಿಯ ನಮಗೆ ಇನ್ನೊಂದು ಹೊಸ ಪಾಠವೂ ಬೇಕಾಯಿತು. ಇಲ್ಲಿ ಸೂರ್ಯ ಕಡಲಿನಿಂದ ಎದ್ದು ಬರುತ್ತಾನೆ. ಅಲ್ಲಿ ಕಡಲಿಗೆ ಇಳಿಯುತ್ತಾನೆ. ಅದೂ ಡಿಸೆಂಬರಿನಲ್ಲಿ ವಿಶಾಖಪಟ್ಟಣಕ್ಕಿಂತ ಸುಮಾರು 40 ನಿಮಿಷ ತಡವಾಗಿ. ಬೆಳಗಿನ ಬಿಸಿಲು ದ್ವೀಪದ ಮೂಡಣ ಮುಖವನ್ನು ಬೆಳಗಿದರೆ ಇಳಿಹೊತ್ತಿನ ಬಿಸಿಲು ಪಡುವಣ ಮುಖವನ್ನು. ಕಡಲಿನ ಇಳಿತವನ್ನೂ ಗಮನಿಸಬೇಕು. ನೀರು ಇಳಿದಾಗಲೇ ಕಂಬಗಳ ಬುಡ ಕಾಣುವುದು. ಇಳಿತದ ವೇಳೆ ದಿನದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುವುದರಿಂದ, ಪಂಚಾಂಗ ನೋಡಿ ಮುಹೂರ್ತ ಇಡುವಂತೆ ನಾವು ಭರತ ಇಳಿತದ ಪಟ್ಟಿ ನೋಡಿ ಸಂಜೆ ನಾಲ್ಕರ ಹೊತ್ತಿಗೆ ನೀರು ಇಳಿದಿರುವ ದಿನವನ್ನು ಹುಡುಕಿದೆವು. ಅಭ್ಯಾಸಕ್ಕೆಂದು ಭೀಮುನಿಪಟ್ಟಣದ ದಾರಿಯ ಎರ್ರಮಟ್ಟಿ ದಿಬ್ಬಗಳಿಗೆ ಎರಡು ಭಾನುವಾರ ಹೋಗಿಬಂದೆವು. ಆ ಕೆಂಪು ಮರಳಿನ ಕೊರಕಲುಗಳಲ್ಲಿ ಓರೆ ಬಿಸಿಲು ಏನೇನು ಮಾಡಬಲ್ಲದೆಂಬುದನ್ನು ಕಣ್ಣಾರೆ ಕಂಡೆವು.

ಇಷ್ಟೆಲ್ಲ ಕೂಡಿಬಂದ ಮೇಲೆ ದೊಡ್ಡ ತೊಡಕು ಎದುರಾಯಿತು. ಸೂರ್ಯ ಮುಳುಗುವುದಕ್ಕೆ ಮೊದಲೇ ದೋಣಿಗಳು ದ್ವೀಪದಿಂದ ಮರಳುತ್ತವೆ. ಅಲ್ಲಿ ರಾತ್ರಿ ತಂಗುವಂತಿಲ್ಲ. ಅಂದರೆ ಯಾವ ಬೆಳಕಿಗಾಗಿ ಇಷ್ಟು ಲೆಕ್ಕ ಹಾಕಿದೆವೋ ಅದರ ಅತ್ಯುತ್ತಮ ಅರ್ಧ ಗಂಟೆ ನಮ್ಮ ಪಾಲಿಗಿಲ್ಲ. ನಮ್ಮಲ್ಲಿ ಕಿರಿಯವನೊಬ್ಬನು, "ಯಾರಾದರೂ ಮೀನುಗಾರರಿಗೆ ಹೇಳಿ, ದುಡ್ಡು ಕೊಟ್ಟು, ಕತ್ತಲಾಗುವವರೆಗೆ ಉತ್ತರ ದ್ವೀಪದ ಬಂಡೆಯ ಮೇಲೆ ನಿಲ್ಲೋಣ. ಅಂಥ ಚಿತ್ರ ಯಾರ ಬಳಿಯೂ ಇರದು" ಎಂದನು. ಒಂದು ಕ್ಷಣ ಎಲ್ಲರಿಗೂ ಆಸೆಯಾಯಿತೆಂಬುದು ಸುಳ್ಳಲ್ಲ. ಉಡುಪಿಯ ಗೆಳೆಯರು ಮಾತ್ರ ನಗಲಿಲ್ಲ. 2022ರ ಏಪ್ರಿಲ್ ತಿಂಗಳಲ್ಲಿ ಪ್ರವಾಸಕ್ಕೆ ಬಂದಿದ್ದ ಮೂವರು ಕಾಲೇಜು ವಿದ್ಯಾರ್ಥಿಗಳು ಇದೇ ದ್ವೀಪದ ಬಳಿ ನೀರುಪಾಲಾದ ಸುದ್ದಿಯನ್ನು ನೆನಪಿಸಿದರು. "ಪಾಚಿ ಹಿಡಿದ ಬಂಡೆ, ಹಿಂದಿನಿಂದ ಬರುವ ತೆರೆ, ಕಣ್ಣು ಕ್ಯಾಮೆರಾದಲ್ಲಿ. ಆಮೇಲೆ ಹೇಳುವುದಕ್ಕೆ ಯಾರು ಉಳಿಯುತ್ತಾರೆ?" ಎಂದರು. ಆ ಮಕ್ಕಳೂ ನಮ್ಮಂತೆಯೇ ಸಂತೋಷಕ್ಕೆಂದು ಹೊರಟವರೇ. ಅವರ ಮನೆಗಳನ್ನು ನೆನೆದು ನಾವು ಮೌನವಾದೆವು. ಆ ಪ್ರಸ್ತಾಪ ಅಲ್ಲಿಗೇ ನಿಂತಿತು.

ಕಿರಿಯವನೇ ಮತ್ತೆ ಭೂಪಟ ತೆಗೆದು ಬಹಳ ಹೊತ್ತು ನೋಡಿದನು. ಬಳಿಕ ಅವನು ಹೇಳಿದ ಮಾತು ನಮ್ಮ ಯೋಜನೆಯನ್ನೇ ತಿದ್ದಿತು: "ದ್ವೀಪದ ಮೇಲೆ ನಿಂತವನಿಗೆ ದ್ವೀಪ ಕಾಣುವುದಿಲ್ಲ, ಬಂಡೆ ಕಾಣುತ್ತದೆ. ಸೂರ್ಯ ಮುಳುಗುವ ಹೊತ್ತಿಗೆ ನಾವು ಮಲ್ಪೆಯ ಮರಳಿನ ಮೇಲಿದ್ದರೆ ಕಡಲಿನ ನಡುವೆ ದ್ವೀಪಗಳೇ ಕಪ್ಪು ಗೆರೆಯಾಗಿ ಕಾಣುತ್ತವೆಯಲ್ಲವೆ?" ಎಲ್ಲರೂ ತಲೆದೂಗಿದೆವು. ಹಗಲಿನಲ್ಲಿ ತೆಂಗಿನ ದ್ವೀಪದ ಕಂಬಗಳು. ಕೊನೆಯ ದೋಣಿಗಿಂತ ಒಂದು ದೋಣಿ ಮೊದಲೇ ಮರಳುವುದು. ಮುಸ್ಸಂಜೆಗೆ ದಡದಿಂದ ದ್ವೀಪಗಳು. ಇದೇ ನಿಶ್ಚಯವಾಯಿತು.

ಜೊತೆಗೆ ನಾಲ್ಕು ಕಟ್ಟಳೆಗಳನ್ನೂ ಬರೆದಿಟ್ಟೆವು. ಒದ್ದೆಯಾದ ಬಂಡೆಯ ಮೇಲೆ ಯಾರೂ ಕಾಲಿಡಕೂಡದು. ಒಬ್ಬರು ಚಿತ್ರ ತೆಗೆಯುವಾಗ ಇನ್ನೊಬ್ಬರು ಕಡಲನ್ನೇ ನೋಡುತ್ತ ನಿಲ್ಲಬೇಕು. ಕಲ್ಲಿನ ಚೂರನ್ನಾಗಲಿ, ಕಪ್ಪೆಚಿಪ್ಪನ್ನಾಗಲಿ ತರಬಾರದು. ಒಯ್ದ ಕಸವನ್ನು ಅಲ್ಲಿ ಬಿಡಬಾರದು. ಕೋಟಿಗಟ್ಟಲೆ ವರ್ಷ ನಿಂತ ಕಂಬದ ಚೂರು ನಮ್ಮ ಮನೆಯ ಗೂಡಿನಲ್ಲಿ ಬರಿಯ ಕಲ್ಲಾಗುತ್ತದೆ.

ಯೋಜನೆಯೆಂದರೆ ಬೇಕಾದುದರ ಪಟ್ಟಿ ಎಂದು ಮೊದಲು ತಿಳಿದಿದ್ದೆವು. ಬಿಡಬೇಕಾದುದರ ಪಟ್ಟಿಯೂ ಅದರಲ್ಲಿ ಅರ್ಧದಷ್ಟಿರಬೇಕೆಂದು ಈಗ ತೋರುತ್ತದೆ. ಕಡಲು ತನ್ನ ಹೊತ್ತನ್ನು ನಮಗಾಗಿ ಬದಲಿಸುವುದಿಲ್ಲ, ಸೂರ್ಯನೂ ಇಲ್ಲ. ಅವೆರಡರ ಹೊತ್ತನ್ನು ಅರಿತು ನಮ್ಮ ಹೊತ್ತನ್ನು ಹೊಂದಿಸಿಕೊಳ್ಳುವುದಷ್ಟೇ ನಮ್ಮ ಕೈಯಲ್ಲಿರುವುದು. ಈ ಓದುಗರಲ್ಲಿ ಯಾರಾದರೂ ಮುಂದೆ ಅಲ್ಲಿಗೆ ಹೋಗುವಿರಾದರೆ, ಕ್ಯಾಮೆರಾ ಇಲ್ಲವೆಂದು ಕೊರಗಬೇಡಿರಿ. ಭೂಪಟವೊಂದನ್ನೂ ಭರತ ಇಳಿತದ ಪಟ್ಟಿಯನ್ನೂ ಎದುರಿಗಿಟ್ಟುಕೊಂಡು ಒಂದು ಸಂಜೆ ಕುಳಿತರೆ ಸಾಕು. ಅರ್ಧ ದ್ವೀಪವನ್ನು ಮನೆಯಲ್ಲಿಯೇ ಕಂಡಿರುತ್ತೀರಿ. ಉಳಿದರ್ಧಕ್ಕೆ ಮಲ್ಪೆಯಲ್ಲಿ ದೋಣಿ ಸಿಗುತ್ತದೆ.