ಕಚ್ಚುವ ನಾಯಿಯೂ ಪಶುವೈದ್ಯರ ಹೊಣೆಯೂ

ಕಚ್ಚುವ ನಾಯಿಯನ್ನು ಏನು ಮಾಡಬೇಕೆಂದು ಕೇಳಿದರೆ ನಮ್ಮ ಊರುಗಳಲ್ಲಿ ಎರಡೇ ಉತ್ತರಗಳು ಸಿಗುತ್ತವೆ. ‘ಹೊಡೆದು ಹಾಕಿ’ ಎನ್ನುವವರು ಕೆಲವರು. ‘ಮೂಕಪ್ರಾಣಿ, ಪಾಪ ಸುತ್ತಿಕೊಳ್ಳುತ್ತದೆ’ ಎನ್ನುವವರು ಇನ್ನು ಕೆಲವರು. ಇವೆರಡರ ನಡುವೆ ನಿಂತು ನಿರ್ಧರಿಸಬೇಕಾದವರು ಪಶುವೈದ್ಯರು. ಅವರು ಆಲೋಚಿಸುವ ಕ್ರಮವನ್ನು ಹತ್ತಿರದಿಂದ ಕಾಣುವ ಸಂದರ್ಭವೊಂದು ಕಳೆದ ವರ್ಷ ಹಾರನಹಳ್ಳಿಯಲ್ಲಿ ನನಗೆ ಒದಗಿತು.

ನಮ್ಮ ಬೀದಿಯ ರೈತರೊಬ್ಬರು ಹೊಗೆಸೊಪ್ಪಿನ ಬ್ಯಾರನ್ ಕಾವಲಿಗೆ ನಾಯಿಯೊಂದನ್ನು ಸಾಕಿದ್ದರು. ಅದು ಮೊದಲು ಕೂಲಿಯಾಳೊಬ್ಬನನ್ನು, ಅನಂತರ ಡೇರಿಗೆ ಹಾಲು ಹಾಕಲು ಹೊರಟಿದ್ದ ಹೆಂಗಸನ್ನು ಕಚ್ಚಿತು. ಮೂರನೆಯ ಸಲ, ತಟ್ಟೆಯ ಬಳಿ ಸುಳಿದ ಮನೆಯ ಮೊಮ್ಮಗಳ ಕೆನ್ನೆಗೇ ಬಾಯಿ ಹಾಕಿತು. ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಮಗುವನ್ನು ಆಸ್ಪತ್ರೆಗೆ ಒಯ್ದು ಚುಚ್ಚುಮದ್ದು ಹಾಕಿಸಲಾಯಿತು. ಇತ್ತ ಕೆಲವರು ನಾಯಿಗೆ ವಿಷವಿಕ್ಕಲು ಹೊರಟರು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅದು ಅಪರಾಧ. “ಮೇಷ್ಟ್ರೇ, ನಿಮ್ಮ ಶಿಷ್ಯರಿಗೆ ಹೇಳಿ ಒಂದು ಇಂಜೆಕ್ಷನ್ ಕೊಡಿಸಿಬಿಡಿ” ಎಂದು ಆ ರೈತರು ಕೇಳಿಕೊಂಡರು. ಪಶುವೈದ್ಯರಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರನ್ನು ಕರೆಸಿದೆ.

ಅವರು ಬಂದರು, ಆದರೆ ಇಂಜೆಕ್ಷನ್ ಕೊಡಲಿಲ್ಲ. “ಸರ್, ಮೊದಲು ಹತ್ತು ದಿನ ಕಟ್ಟಿಹಾಕಿ ನೋಡಬೇಕು” ಎಂದರು. ಕಚ್ಚಿದಾಗ ಜೊಲ್ಲಿನಲ್ಲಿ ರೇಬೀಸ್ ವೈರಾಣು ಇದ್ದಿದ್ದರೆ ನಾಯಿಯು ಅಷ್ಟರೊಳಗೆ ರೋಗಲಕ್ಷಣ ತೋರಿ ಸಾಯುತ್ತದೆ. ಆದರೆ ಈ ಕಾಯುವಿಕೆ ನಾಯಿಗೆ ಮಾತ್ರ. ಮಗುವಿನ ಲಸಿಕೆ ಅದಕ್ಕಾಗಿ ಕಾಯಬಾರದು.

ಅನಂತರ ಕಿವಿ, ಹಲ್ಲು, ಕೀಲು, ಕಣ್ಣುಗಳನ್ನು ಪರೀಕ್ಷಿಸಿದರು. ನೋವಿರುವ ನಾಯಿ, ಕಣ್ಣು ಮಂಜಾದ ನಾಯಿ ಬೆದರಿ ಕಚ್ಚುವುದುಂಟು. ನೋವು ವಾಸಿಯಾದರೆ ಸ್ವಭಾವವೂ ತಿಳಿಯಾಗಬಹುದು. ಇದಕ್ಕೆ ಅಂಥ ಕಾಯಿಲೆ ಕಾಣಲಿಲ್ಲ. ಮುಂದೆ ಪ್ರಶ್ನೆಗಳು: ಗಾಯ ಎಷ್ಟು ಆಳ? ಕಚ್ಚಿ ಬಿಟ್ಟಿತೋ, ಹಿಡಿದೇ ಇತ್ತೋ? ಮೊದಲು ಗುರುಗುಟ್ಟಿತ್ತೇ? ಮನೆಯಲ್ಲಿ ಯಾರಿರುತ್ತಾರೆ? ಗುರುಗುಟ್ಟಿದಾಗಲೆಲ್ಲ ಹೊಡೆಯುತ್ತಿದ್ದೆವೆಂದು ರೈತರು ಹೇಳಿದರು. ವೈದ್ಯರು ತಲೆಯಾಡಿಸಿದರು. ಗುರುಗುಟ್ಟುವುದು ನಾಯಿ ಕೊಡುವ ಎಚ್ಚರಿಕೆ. ಅದನ್ನು ಹೊಡೆದು ಅಡಗಿಸಿದರೆ ನಾಯಿ ಎಚ್ಚರಿಕೆ ಕೊಡದೆಯೇ ಕಚ್ಚಲು ಕಲಿಯುತ್ತದೆ.

ತಳಿಯ ಹೆಸರಿನಿಂದ ಇದನ್ನೆಲ್ಲ ಅಳೆಯಲಾಗದು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರವು 23 ತಳಿಗಳನ್ನು ನಿಷೇಧಿಸಲು ಸುತ್ತೋಲೆ ಹೊರಡಿಸಿತ್ತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಗೊಳಿಸಿತು. ಇದಾದರೋ ಯಾವ ಪಟ್ಟಿಗೂ ಸೇರದ ನಾಟಿ ನಾಯಿ. ಬೀದಿನಾಯಿಯಾಗಿದ್ದರೆ, 2023ರ ನಿಯಮಗಳ ಪ್ರಕಾರ ವಾಸಿಯಾಗದ ಕಾಯಿಲೆಯೋ ಮಾರಣಾಂತಿಕ ಗಾಯವೋ ಇದ್ದರಷ್ಟೇ ದಯಾಮರಣ. ಅದನ್ನೂ ನೇಮಿತ ತಂಡವೇ ಖಚಿತಪಡಿಸಬೇಕು. ಸಾಕಿದ ನಾಯಿಯಾದರೆ ಆ ಭಾರ ಒಡೆಯನ ಮತ್ತು ವೈದ್ಯರ ಹೆಗಲಿಗೇ ಬೀಳುತ್ತದೆ.

ಬಾಯಿಕುಕ್ಕೆ, ಬೇಲಿ ಹಾಕಿದ ಗೂಡು, ಸಂತಾನಹರಣ, ತರಬೇತಿ ಎಲ್ಲವೂ ಚರ್ಚೆಗೆ ಬಂದವು. ಬೇರೆಯವರಿಗೆ ಕೊಟ್ಟುಬಿಡೋಣವೆಂದರೆ, ಅಪಾಯವನ್ನು ಇನ್ನೊಂದು ಮನೆಯ ಮಗುವಿನ ಬಾಗಿಲಿಗೆ ಕಳಿಸಿದಂತೆ. ಎಲ್ಲರೂ ಹೊಲಕ್ಕೆ ಹೋದರೆ ಮನೆಯಲ್ಲಿ ಉಳಿಯುವವರು ಮಗು ಮತ್ತು ಕಣ್ಣು ಕಾಣದ ಅಜ್ಜಿ. ದಿನವೂ ತಪ್ಪದೆ ಕಾಯುವವರು ಯಾರೂ ಇರಲಿಲ್ಲ.

ಹತ್ತು ದಿನಗಳಾದವು. ನಾಯಿ ಆರೋಗ್ಯವಾಗಿಯೇ ಇತ್ತು. ರೈತರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ವೈದ್ಯರು ಮೊದಲು ಮಂಪರಿನ ಔಷಧ ಕೊಟ್ಟು, ಅದು ಮಲಗಿದ ಮೇಲೆ ಅರಿವಳಿಕೆಯನ್ನು ಅಧಿಕ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಟ್ಟರು. ರೈತರು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. “ಅದು ಕೆಟ್ಟ ನಾಯಿ ಅಂತ ಅಲ್ಲ ಸರ್. ಈ ಮನೇಲಿ ಮಗುವನ್ನ ಕಾಪಾಡೋಕೆ ಬೇರೆ ದಾರಿ ಸಿಗಲಿಲ್ಲ” ಎಂದ ವೈದ್ಯರು, ನಾನು ತರಿಸಿದ ಕಾಫಿಯನ್ನು ಕುಡಿಯದೆ ಹೊರಟರು.

ಶಿಕ್ಷೆ ಬೇರೆ, ಇದು ಬೇರೆ ಎಂಬುದು ನನಗೆ ಅಂದು ಸ್ಪಷ್ಟವಾಯಿತು. ಶಿಕ್ಷೆಯು ತಪ್ಪನ್ನು ನೋಡುತ್ತದೆ. ವೈದ್ಯರು ನೋಡಿದ್ದು ನಾಳೆಯ ಅಪಾಯವನ್ನು, ಅದನ್ನು ತಡೆಯಬಲ್ಲ ಕೈಗಳನ್ನು. ನಾಯಿ ಸಾಕಿರುವ ನನ್ನ ವಿದ್ಯಾರ್ಥಿಗಳಿಗೆ ಹೇಳುವುದಿಷ್ಟೆ: ವರ್ಷವರ್ಷವೂ ಲಸಿಕೆ ಹಾಕಿಸಿ, ಇಡೀ ದಿನ ಸರಪಳಿಯಲ್ಲಿ ಕಟ್ಟಬೇಡಿ, ಮಗುವನ್ನೂ ನಾಯಿಯನ್ನೂ ಮಾತ್ರವೇ ಬಿಟ್ಟು ಹೋಗಬೇಡಿ. ಪಶುವೈದ್ಯರನ್ನು ಕಾಣಬೇಕಾದದ್ದು ಅದು ಗುರುಗುಟ್ಟಲು ತೊಡಗಿದಾಗ. ಮೂರನೆಯ ಸಲ ಕಚ್ಚಿದ ಮೇಲಲ್ಲ.